ಬಯಕೆಯ ಪೇಡೆ

ಮೂರನೆಯ ಸಲ ಪೇಡೆಯ ಪೊಟ್ಟಣ ಕೈಗೆ ಬಂದಾಗ ಉಳವಪ್ಪನಿಗೆ ಅದನ್ನು ಕಾಗದದ ಮಿಲ್ಲಿನ ಗೇಟಿನ ಎದುರಿನ ಗಟಾರಕ್ಕೆ ಎಸೆದುಬಿಡಬೇಕೆನಿಸಿತು. ಮೂರು ಗಂಟೆಯ ಭೋಂಗಾ ಕೂಗಿ ಬೆಳಗಿನ ಪಾಳಿಯವರು ದಾಂಡೇಲಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬೀಳುತ್ತಿದ್ದರು. ವಾರದ ರಜೆಗೆ ಧಾರವಾಡಕ್ಕೆ ಹೋಗಿಬಂದ ಜತೆಗಾರ ಪರಸಪ್ಪ ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿದ್ದ ಚೀಲದಿಂದ ಪೊಟ್ಟಣ ತೆಗೆದು, ನಾಲ್ಕು ಮಂದಿಗೆ ಕೇಳುವಂತೆ, “ತಗೋಪಾ, ನಿನ್ನ ಹೇಣ್ತಿ ಬಯಕಿ! ಇದರಾಗೂ ತೀರಲಿಲ್ಲಂದ್ರ ಮುಂದಿನ ಸಲ ಪೇಡೆ ಮಾಡಾವನ್ನಽ ಕರಕೊಂಡು ಬರ್ತೇನಿ” ಎಂದ. ನಾಲ್ಕು ಮಂದಿಯೂ ನಕ್ಕರು. ಉಳವಪ್ಪನೂ ನಕ್ಕ. ಚೊಚ್ಚಲ ಬಸುರಿಯ ಗಂಡ ನಗಬೇಕಾದ ರೀತಿಯಲ್ಲಿ, ಸ್ವಲ್ಪ ನಾಚಿ, ಸ್ವಲ್ಪ ಹೆಮ್ಮೆಪಟ್ಟು, ತಲೆ ಕೆರೆದುಕೊಂಡು ನಕ್ಕ. ಹನ್ನೆರಡು ದಿನಗಳಿಂದ ಈ ನಗೆಯನ್ನು ಅವನು ಅಂಗಿಯಂತೆ ತೊಟ್ಟುಕೊಂಡು ತಿರುಗುತ್ತಿದ್ದಾನೆ. ಪೇಡೆ ಹೆಂಡತಿ ಗುರುಬಸವ್ವ ಕೇಳಿದ್ದಲ್ಲ. ಅದು ಅವನು ಹೇಳಿದ ಸುಳ್ಳು. ಅವಳು ಕೇಳಿದ್ದೇ ಬೇರೆ, ಅದನ್ನು ಅವನು ಯಾರಿಗೂ ಹೇಳಿಲ್ಲ, ಹೇಳುವಂತೆಯೂ ಇಲ್ಲ.

ಕೆಲಸಗಾರರ ಲೈನ್ ಮನೆಗಳ ಕಡೆಗೆ ನಡೆಯುತ್ತ ತನ್ನ ತೋಳನ್ನು ಮೂಗಿಗೆ ಹಿಡಿದು ನೋಡಿದ. ಈಚೆಗೆ ಇದೊಂದು ಚಟವಾಗಿದೆ. ಬಿದಿರಿನ ಚೂರುಗಳನ್ನು ಸುಡುವ ಕ್ಷಾರದಲ್ಲಿ ಬೇಯಿಸುವ ಹಂಡೆಗಳ ಬಳಿ ಅವನ ಕೆಲಸ. ಹಂಡೆಯ ಬಾಯಿ ಬಿಚ್ಚಿದಾಗ ಏಳುವ ಉಗಿಗೆ ಕೊಳೆತ ಮೊಟ್ಟೆಯ ನಾತ. ಊರಿಗೆಲ್ಲ ಆ ನಾತ ಇದೆ, ಹೊಸಬರು ಎರಡು ದಿನ ಮೂಗು ಮುಚ್ಚಿಕೊಂಡು ಮೂರನೆಯ ದಿನ ಮರೆಯುತ್ತಾರೆ. ಅವನಿಗೆ ತನ್ನ ತೋಳಿನಿಂದ ಏನೂ ಬರಲಿಲ್ಲ. ಕೋಗಿಲಬನದ ಹತ್ತಿರ ಕಾಳಿ ಹೊಳೆಗೆ ಇಳಿದು ಮರಳು ಹಚ್ಚಿ ತಿಕ್ಕಿಕೊಂಡಿದ್ದಾನೆ, ಸೀಗೆಕಾಯಿಯಲ್ಲಿ ಮೈ ತೊಳೆದಿದ್ದಾನೆ, ಕೆಂಪು ಸಾಬೂನು ಒಂದು ಇಡೀ ತುಂಡು ಸವೆಸಿದ್ದಾನೆ. ಕನ್ಯೆ ನೋಡಲು ಹೋದಾಗ ತಡಕೋಡದಲ್ಲಿ ಗುರುಬಸವ್ವನ ಅಪ್ಪ ಇದೇ ನಾತಕ್ಕೆ ಮೂಗರಳಿಸಿ, “ಪಗಾರದ ವಾಸನಿ ತಮ್ಮಾ ಇದು, ಹೊಲದಾಗ ಸಿಗೂದಲ್ಲ” ಎಂದು ಬೆನ್ನು ಚಪ್ಪರಿಸಿದ್ದ. ಒಳಬಾಗಿಲಲ್ಲಿ ಸೆರಗಿನ ಮರೆಗೆ ನಿಂತಿದ್ದ ಹುಡುಗಿ ಆಗ ನಕ್ಕಿದ್ದಳು. ಯಾತಕ್ಕೆ ನಕ್ಕಳೆಂದು ಈಗ ಕೇಳಬೇಕೆನಿಸುತ್ತದೆ.

ಬಯಕೆಯನ್ನು ಗಂಡನೇ ಕೇಳಬೇಕು, ಒಳಗೆ, ಒಬ್ಬನೇ. ಅತ್ತೆ ಕೇಳಿದರೆ ನಾಚಿಕೆಗೆ ಸುಳ್ಳು ಹೇಳುತ್ತಾರೆ ಎಂದು ಹನ್ನೆರಡು ದಿನಗಳ ಹಿಂದೆ ಅವ್ವ ಮಾಲವ್ವ ಅವನನ್ನು ಕೋಣೆಗೆ ನೂಕಿ ತಾನು ಬಾಗಿಲ ಹೊರಗೆ ಕುಳಿತಿದ್ದಳು. ಅವಳ ಪಾಲಿಗೆ ಅದು ಆಟವಲ್ಲ. ಉಳವಪ್ಪನ ಅಕ್ಕ ಹೊಟ್ಟೆಯಲ್ಲಿದ್ದಾಗ ಅವ್ವನಿಗೆ ಹಸಿ ಶೇಂಗಾ ಬೇಕೆನಿಸಿತ್ತಂತೆ. ಬೀಜಕ್ಕಿಟ್ಟದ್ದನ್ನು ಅತ್ತೆ ಕೊಡಲಿಲ್ಲವಂತೆ. ಅಕ್ಕನ ಎರಡೂ ಕಿವಿ ಹುಟ್ಟಿದಾಗಿನಿಂದ ಸೋರುತ್ತಿದ್ದವು. ಆ ಹುಡುಗಿ ಕಿವಿಗೆ ಅರಳೆ ಇಟ್ಟುಕೊಂಡೇ ಬೆಳೆದು, ಅರಳೆ ಇಟ್ಟುಕೊಂಡೇ ಸತ್ತಳು. ಸೊಸೆ ಒಂದೂವರೆ ತಿಂಗಳಿಂದ ತಿಂದದ್ದನ್ನೆಲ್ಲ ಕಾರುತ್ತಿದ್ದರೆ ಅದಕ್ಕೆ ಕಾರಣ ಒಂದೇ, ಬಯಕೆ ಒಳಗೆ ಸಿಕ್ಕಿಕೊಂಡಿದೆ. ಅದನ್ನು ಹೊರಗೆ ತೆಗೆಯಬೇಕು. ಹಾಗಾಗಿ ಉಳವಪ್ಪ ಚಾಪೆಯ ಅಂಚಿಗೆ ಕುಳಿತು, ಹೆಂಡತಿಯ ಹೆಗಲ ಮೇಲೆ ಕೈ ಇಟ್ಟು, “ಏನು ಬೇಕನಸ್ತೈತಿ ಹೇಳು” ಎಂದು ಕೇಳಿದ್ದ. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕೊಡ್ತೀರೇನು ಎಂದಳು. ಕೊಡ್ತೇನಿ ಎಂದ. “ನೀವು ಒಂದೀಟು ದಿನ ನನ್ನ ಸನೇಕ ಬರಬ್ಯಾಡ್ರಿ. ಇಲ್ಲಾಂದ್ರ ನನ್ನ ತವರಿಗೆ ಕಳಸ್ರಿ. ನಿಮ್ಮ ವಾಸನಿ ಬಂದ್ರ ಸಾಕು, ಕರಳು ಬಾಯಿಗೆ ಬರ್ತಾವ.” ಅಷ್ಟು ಹೇಳಿ, ಅವನ ಮುಂದೆಯೇ, ಅವನ ಕೈ ಇನ್ನೂ ಹೆಗಲ ಮೇಲಿರುವಾಗಲೇ, ಬೋಗುಣಿ ಎಳೆದುಕೊಂಡು ಕಾರಿದಳು. ಹೊರಗಿನಿಂದ ಅವ್ವ, “ಏನಂದ್ಳೋ?” ಎಂದು ಕೂಗಿದಳು. ಗೂಡಿನಲ್ಲಿ ಸೂಜಿ ದಾರ ಇಡುವ ಹಳೆಯ ಪೇಡೆ ಡಬ್ಬಿ ಇತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. “ಪೇಡೆ ಅಂತ, ಯವ್ವಾ. ಧಾರವಾಡದ್ದು.”

ಗಂಡಸಿನ ಬಾಯಲ್ಲಿ ಬೇರೆ ಏನು ಬರಲು ಸಾಧ್ಯವಿತ್ತು? ನನ್ನ ಹೆಂಡತಿಗೆ ನಾನು ಹತ್ತಿರ ಬಾರದಿರುವುದೇ ಬಯಕೆ ಎಂದು ಅವ್ವನಿಗೆ ಹೇಳಬೇಕೆ? ಅವ್ವ ನಲ್ಲಿಯ ಹತ್ತಿರ ಹೇಳುತ್ತಾಳೆ, ಸಂಜೆಗೆ ಲೈನಿಗೆಲ್ಲ ಡಂಗುರ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂದು ಗಾದೆ ಮಾಡಿದ್ದಾರೆ. ಒಲ್ಲದ ಹೆಂಡತಿಯ ಬಗ್ಗೆ ಯಾರೂ ಯಾಕೆ ಮಾಡಿಲ್ಲ ಎಂದು ಹಂಡೆಯ ಉಗಿಯ ಮುಂದೆ ನಿಂತು ಅವನು ದಿನಗಟ್ಟಲೆ ಯೋಚಿಸಿದ್ದ. ಮಾತು ಬಾಯಲ್ಲಿ ಬಿಸಿತುಪ್ಪವಾಗಿ ಉಳಿಯಿತು. ಮೊದಲ ಪೊಟ್ಟಣವನ್ನು ಬಸ್ಸಿನ ಕಂಡಕ್ಟರನ ಕೈಲಿ ತರಿಸಿದ. ಅವಳು ತಿಂದಳು, ಕಾರಿದಳು. ಎರಡನೆಯದನ್ನು ಪರಸಪ್ಪ ತಂದ. ಅವಳು ಪೇಡೆಯನ್ನೂ ಗಂಡನನ್ನೂ ನೋಡಿದಳು, ಏನೂ ಹೇಳದೆ ಬಾಯಿ ತೆರೆದಳು, ಕಾರಿದಳು. ಹೇಳಬಹುದಿತ್ತಲ್ಲ, ನಾನು ಇದನ್ನು ಕೇಳಿಯೇ ಇಲ್ಲ ಎಂದು. ಹೇಳಲಿಲ್ಲ. ಅವಳ ಆ ಸುಮ್ಮನಿರುವಿಕೆಯ ಮೇಲೆ ಅವನಿಗೆ ಬಂದಷ್ಟು ಸಿಟ್ಟು ಮಾತಿನ ಮೇಲೂ ಬಂದಿರಲಿಲ್ಲ.

ನಲ್ಲಿಯ ಹತ್ತಿರ ಮಾಗ್ದಲೀನಾ ಕೊಡ ಇಟ್ಟುಕೊಂಡು ನಿಂತಿದ್ದಳು. ಲೈನಿನ ಕೊನೆಯ ಮನೆಯ ಸಿದ್ದಿ ಹೆಂಗಸು. ಅವಳ ಗಂಡ, ಸಂತಾನ ಎಂಬವನು, ಬಿದಿರಿನ ಲಾರಿಯ ಡ್ರೈವರ್. ಮದುವೆಗೆ ಮೊದಲು ಹಳಿಯಾಳದ ದವಾಖಾನೆಯಲ್ಲಿ ಆಯಾ ಆಗಿದ್ದವಳು. ಅವನ ಕೈಯ ಪೊಟ್ಟಣ ನೋಡಿ, “ಮತ್ತ ತಂದೇನು, ಉಳವಣ್ಣಾ?” ಎಂದಳು. ಅವನು ತಯಾರಾದ ನಗೆ ನಕ್ಕ. ಅವಳು ನಗಲಿಲ್ಲ. “ಪೇಡೆ ಸುಡಲಿ. ಆಕಿಗೆ ನೀರು ಕೊಡ್ರಿ. ಒಂದೊಂದು ಚಮಚೆ, ಚೂರು ಉಪ್ಪು ಸಕ್ರಿ ಹಾಕಿ. ನಿನ್ನೆ ಮುಂಜಾನಿಂದ ಆಕಿ ಒಂದಕ್ಕ ಹೋಗಿಲ್ಲ, ಗೊತ್ತೈತೇನು ನಿಂಗ?” ಹೆಂಡತಿಯ ಉಚ್ಚೆಯ ಲೆಕ್ಕವನ್ನು ಪರ ಹೆಂಗಸೊಬ್ಬಳು ಬೀದಿಯಲ್ಲಿ ನಿಂತು ಹೇಳುತ್ತಿದ್ದಾಳಲ್ಲ ಎಂದು ಅವನ ಮುಖ ಕಾದುಹೋಯಿತು. “ಯವ್ವ ಅದಾಳ, ನೋಡ್ಕೋತಾಳ” ಎಂದು ದಾಟಿಹೋದ. ಎರಡು ದಿನಗಳ ಹಿಂದೆ ಇದೇ ಮಾಗ್ದಲೀನಾ ಯಾರೂ ಇಲ್ಲದಾಗ ಗುರುಬಸವ್ವನಿಗೆ ಚಮಚದಲ್ಲಿ ನೀರು ಕುಡಿಸಿದ್ದಳು. ಆ ನೀರು ಮಾತ್ರ ಹೊಟ್ಟೆಯಲ್ಲಿ ನಿಂತಿತ್ತು. ಅವ್ವ ಬಂದು ನೋಡಿ, ಸಿದ್ದಿಯ ಕೈ ಮುಟ್ಟಿತೆಂದು ಚಮಚವನ್ನು ಬೂದಿ ಹಾಕಿ ತಿಕ್ಕಿ, ಇನ್ನು ಮುಂದೆ ಈ ಮನೆಯಲ್ಲಿ ನೀರೇ ಇಲ್ಲ ಎಂದು ಕಟ್ಟುಮಾಡಿದಳು. ಅವ್ವನ ಲೆಕ್ಕದಲ್ಲಿ, ನೀರು ಕೊಟ್ಟಷ್ಟೂ ಕಾರುತ್ತಾಳೆ, ಹೊಟ್ಟೆ ಒಣಗಿದರೆ ವಾಂತಿ ತಾನೇ ನಿಲ್ಲುತ್ತದೆ. ತುಟಿಗೆ ಒದ್ದೆ ಬಟ್ಟೆ ಹಚ್ಚಿದರೆ ಸಾಕು.

ಅಂದೇ ಸಂಜೆ ನಡೆದದ್ದನ್ನು ಅವನು ನೆನೆಯಬಾರದೆಂದುಕೊಂಡಷ್ಟೂ ಅದು ಕಾಲಿಗೆ ತೊಡರುತ್ತಿತ್ತು. ಅವ್ವ ಹಿತ್ತಿಲಲ್ಲಿದ್ದಳು. ಅವನು ಹೊಸ್ತಿಲ ಮೇಲೆ ಕುಳಿತಿದ್ದ. ಗುರುಬಸವ್ವ ಗೋಡೆ ಹಿಡಿದು ಎದ್ದು, ಮೂಲೆಯ ತಂಬಿಗೆಗೆ ಕೈ ಚಾಚಿ, ಎರಡೂ ಕೈಯಲ್ಲಿ ಎತ್ತಿದಳು. ಅವನು ಎದ್ದುಹೋಗಿ ತಂಬಿಗೆಯನ್ನು ಅವಳ ಕೈಯಿಂದ ಬಿಡಿಸಿಕೊಂಡ. ನೀರು ಕೊಡಬ್ಯಾಡಂತ ಯವ್ವ ಹೇಳ್ಯಾಳ, ಎಂದ. ಅವಳ ಬೆರಳುಗಳಲ್ಲಿ ಬಲವಿರಲಿಲ್ಲ, ಸುಲಭವಾಗಿ ಬಿಟ್ಟವು. ಅವ್ವ ಹೇಳಿದ್ದು ನಿಜ. ಆದರೆ ಬಿಡಿಸಿಕೊಂಡಾಗ ಅವನಿಗೆ ಸಂತೋಷವಾಗಿತ್ತು. ಸಣ್ಣ, ಹೊಲಸು ಸಂತೋಷ. ನನ್ನನ್ನು ಬೇಡವೆಂದೆಯಲ್ಲ, ಈಗ ನಿನಗೆ ಬೇಕಾದದ್ದು ನನ್ನ ಕೈಲಿದೆ ಎನ್ನುವಂಥದ್ದು. ಅವನು ಆ ತಂಬಿಗೆಯನ್ನು ಅವಳು ನೋಡುತ್ತಿರುವಂತೆಯೇ ಮೇಲಿನ ಹಲಗೆಗೆ ಏರಿಸಿದ್ದ.

ಮನೆಯಲ್ಲಿ ಅವ್ವ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಉಳವಿ ಬಸವಣ್ಣನ ಪಟದ ಮುಂದಿಟ್ಟು, ಒಂದು ಪೇಡೆ ಮುರಿದು ಸೊಸೆಯ ಬಳಿ ಕುಳಿತಳು. “ನಿನ್ನ ಬಯಕಿ ಬಂತು ನೋಡವಾ. ಬಾಯಿ ತಗಿ. ಒಂದು ತುಣುಕು.” ಗುರುಬಸವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಕೆನ್ನೆಯ ಎಲುಬು ಇಷ್ಟು ಮೇಲೆ ಬಂದದ್ದು ಯಾವಾಗ? ತುಟಿ ಸೀಳಿದ್ದವು, ಬಾಯಿಂದ ಹುಳಿತ ಹಣ್ಣಿನಂಥ ವಾಸನೆ ಬರುತ್ತಿತ್ತು. ಈಗ ನಿನ್ನದೂ ನಾರುತ್ತದೆ ಎಂದು ಅವನ ಮನಸ್ಸು ಅಂದಿತು, ಅಂದದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ಪೇಡೆ ನಾಲಗೆಗೆ ತಾಗಿದ್ದೇ ತಡ, ಅವಳ ಮೈಯೆಲ್ಲ ಬಿಲ್ಲಾಯಿತು. ಬೋಗುಣಿಗೆ ಬಿದ್ದದ್ದು ನಾಲ್ಕು ಹನಿ ಹಸಿರು ನೀರು, ಅದರಲ್ಲಿ ನೂಲಿನೆಳೆಯಷ್ಟು ರಕ್ತ. ಅವ್ವ ಬೋಗುಣಿ ನೋಡಿ, “ಉಳವಪ್ಪಾ, ಇದು ಪೇಡೆ ಬಯಕಿ ಅಲ್ಲ. ಬ್ಯಾರೆ ಏನೋ ಐತಿ. ಮತ್ತೊಮ್ಮೆ ಕೇಳು” ಎಂದಳು. ಈಗ ಉಳವಪ್ಪ ನಿಜ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಅವನು ಹೆಂಡತಿಯ ಕಡೆ ಬಾಗಿ, ಅವ್ವನಿಗೆ ಕೇಳುವಂತೆ, “ಏನು ಬೇಕು?” ಎಂದ. ಗುರುಬಸವ್ವ ಕಣ್ಣು ತೆರೆದು ಅವನನ್ನು ನೋಡಿದಳು. ಮತ್ತೆ ಮುಚ್ಚಿಕೊಂಡಳು.

ಮಾಗ್ದಲೀನಾ ತನ್ನ ಮನೆಯಲ್ಲಿ ಕೊಡ ಇಳಿಸದೆಯೇ ಅವನ ಹಿಂದೆ ಬಂದಿದ್ದಳು. ಹೊಸ್ತಿಲಲ್ಲಿ ಕೊಡ ಇಟ್ಟು, ಕೇಳದೆ ಒಳಗೆ ಬಂದು, ಅವ್ವ “ಏ, ಏ” ಎನ್ನುವಷ್ಟರಲ್ಲಿ ಗುರುಬಸವ್ವನ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟಳು. ಚರ್ಮ ಚಿವುಟಿದ ಹಾಗೆಯೇ ಎದ್ದು ನಿಂತಿತ್ತು. “ನೋಡ್ರಿ. ತೊಗಲು ಕೂಡ್ರವಲ್ದು. ಮೈಯಾಗ ನೀರಽ ಇಲ್ಲ. ಇವತ್ತು ಹಳಿಯಾಳಕ್ಕ ಒಯ್ಯದಿದ್ರ ನಾಳೆ ಒಯ್ಯೂದು ಬ್ಯಾಡ ಆಗ್ತೈತಿ.” ಅವ್ವ ಕೈ ಎತ್ತಿ, “ದವಾಖಾನಿ ಬ್ಯಾಡ. ಸಲಾಯಿನ್ ಬಾಟ್ಲಿ ಹಚ್ತಾರ. ಬಾಟ್ಲಿ ಹಚ್ಚಿಸ್ಕೊಂಡಾಂವ ಯಾವನೂ ನಡಕೋತ ಮನಿಗೆ ಬಂದಿಲ್ಲ” ಎಂದಳು. ಅದೂ ಲೈನಿನವರೆಲ್ಲರ ನಂಬಿಕೆ. ಕೊನೆಗಾಲದಲ್ಲಿ ಒಯ್ಯುವುದು, ಬಾಟ್ಲಿ ಹಚ್ಚುವುದು, ಹೆಣ ತರುವುದು. ಉಳವಪ್ಪ ಇನ್ನೂ ಎದ್ದೇ ನಿಂತಿದ್ದ ಆ ಚರ್ಮದ ಮಡಿಕೆಯನ್ನು ನೋಡುತ್ತಿದ್ದ. ಕಾದ ಹಾಲಿನ ಕೆನೆ ಎತ್ತಿದ ಹಾಗಿತ್ತು. “ಸಂತಾನನ ಲಾರಿ ಎಲ್ಲೈತಿ?” ಎಂದ.

ಬಿದಿರು ಇಳಿಸಿದ ಖಾಲಿ ಲಾರಿ ಹಳಿಯಾಳದ ದಾರಿಗೇ ಹೊರಟಿತ್ತು. ಹೆಂಡತಿಯನ್ನು ಅವನೇ ಎತ್ತಿಕೊಂಡು ಹೋದ. ಬಿದಿರಿನ ಕಟ್ಟಿನಷ್ಟೂ ಭಾರವಿರಲಿಲ್ಲ. ಅವನ ಎದೆಗೆ ಮುಖ ತಾಗಿದ್ದಕ್ಕೆ ಅವಳ ಗಂಟಲು ಎರಡು ಸಲ ಒಣ ಸದ್ದು ಮಾಡಿತು. ಮುಂದಿನ ಕ್ಯಾಬಿನ್ನಿನಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ಮಾಗ್ದಲೀನಾ, ಅವನೂ ಹತ್ತಹೋದಾಗ, “ನೀ ಹಿಂದ ಹತ್ತು ಅಣ್ಣಾ” ಎಂದಳು, ಕಾರಣ ಹೇಳಲಿಲ್ಲ. ಹಿಂದೆ ಬಿದಿರಿನ ಧೂಳಿನಲ್ಲಿ ಅವ್ವ, ಅವನು, ಅವ್ವನ ಮಡಿಲಲ್ಲಿ ಪೇಡೆಯ ಪೊಟ್ಟಣ. ಬಯಕೆಯ ವಸ್ತುವನ್ನು ಮನೆಯಲ್ಲಿ ಬಿಟ್ಟು ಬರಬಾರದಂತೆ. ಕಾಡಿನ ತಿರುವುಗಳಲ್ಲಿ ಲಾರಿ ತೂಗಾಡಿದಾಗಲೆಲ್ಲ ಅವನ ತಲೆಯಲ್ಲಿ ಒಂದು ವಿಚಾರ ಮುಂದೆ ಹಿಂದೆ ತೂಗಾಡಿತು. ಇವಳು ಸತ್ತರೆ ಅವಳು ಕೇಳಿದ್ದು ಏನೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಪೇಡೆ ತಂದು ತಂದು ಸೋತ ಗಂಡ ಎಂದು ಲೈನಿನವರು ಮರುಗುತ್ತಾರೆ. ಪರಸಪ್ಪ ಅಳುತ್ತಾನೆ. ಆ ವಿಚಾರದಲ್ಲಿ ಒಂದು ಕ್ಷಣ ಅವನಿಗೆ ತಂಪಾಯಿತು. ಆಮೇಲೆ ಲಾರಿಯ ಹಲಗೆಗೆ ತಲೆ ಬಡಿದುಕೊಂಡ. ಅವ್ವ, ಗುಂಡಿಗೆ ಬಿದ್ದು ತಾಗಿತೆಂದುಕೊಂಡು, ಸೆರಗಿನಿಂದ ಅವನ ಹಣೆ ಒತ್ತಿದಳು.

ಡಾಕ್ಟರಬಾಯಿ ನಡುವಯಸ್ಸಿನವರು, ಮಾತು ಕಡಿಮೆ. ನಾಡಿ ಹಿಡಿದರು, ನಾಲಗೆ ನೋಡಿದರು, ಅದೇ ಮುಂಗೈಯ ಚರ್ಮವನ್ನು ಅದೇ ರೀತಿ ಚಿವುಟಿದರು. ಕಬ್ಬಿಣದ ಕೋಲಿಗೆ ಗಾಜಿನ ಬಾಟಲಿ ತಲೆಕೆಳಗಾಗಿ ಏರಿತು, ಕೆಂಪು ರಬ್ಬರಿನ ನಳಿಕೆ ಇಳಿಯಿತು. ಕುದಿಸಿದ ಸೂಜಿಯನ್ನು ಚುಚ್ಚಲು ನರ ಸಿಗಲಿಲ್ಲ. ಒಂದು ಕೈ ಆಯಿತು, ಇನ್ನೊಂದು ಕೈ ಆಯಿತು, ಐದನೆಯ ಸಲಕ್ಕೆ ಸಿಕ್ಕಿತು. ಗುರುಬಸವ್ವ ಒಮ್ಮೆಯೂ ಹಾ ಎನ್ನಲಿಲ್ಲ. ವಾಂತಿಗೆಂದು ಒಂದು ಇಂಜೆಕ್ಷನ್, ಶಕ್ತಿಗೆಂದು ಒಂದು. ಬಾಟಲಿಯಲ್ಲಿ ಗುಳ್ಳೆ ಏಳತೊಡಗಿದ ಮೇಲೆ ಡಾಕ್ಟರಬಾಯಿ ತಿರುಗಿ, “ನೀರು ಯಾಕ ಕೊಟ್ಟಿಲ್ಲ ಆಕಿಗೆ?” ಎಂದರು. ಅವ್ವ ಮುಂದೆ ಬಂದಳು. “ನಾವೇನೂ ಕಡಿಮಿ ಮಾಡಿಲ್ಲರೀ ಬಾಯಾರ. ಆಕಿ ಬಯಕಿ ಪೇಡೆ. ಮೂರು ಸಲ ಧಾರವಾಡದಿಂದ ತರಿಸ್ಯಾನ ನನ್ನ ಮಗ. ಬೇಕಾದ್ರ ಇಲ್ಲಿ ನೋಡ್ರಿ.” ಪೊಟ್ಟಣ ಬಿಚ್ಚಿ ತೋರಿಸಿದಳು. ಡಾಕ್ಟರಬಾಯಿ ಪೊಟ್ಟಣವನ್ನು ನೋಡಿ ಹಾಸಿಗೆಯ ಕಡೆ ಬಾಗಿದರು. “ಇಷ್ಟು ವಾಂತಿ ಆಗೂಮುಂದ ಖವಾದ ಪೇಡೆ ನೀನಽ ಕೇಳಿದ್ದೇನವಾ?” ಉಳವಪ್ಪ ಕಿಟಕಿಯ ಸರಳು ಹಿಡಿದುಕೊಂಡ. ಗುರುಬಸವ್ವನ ಕಣ್ಣು ನಿಧಾನವಾಗಿ ಹೊರಳಿ ಅವನನ್ನು ಹುಡುಕಿ, ಅವನ ಮೇಲೆ ನಿಂತಿತು.

“ಹೂಂನ್ರಿ. ನಾನಽ ಕೇಳಿದ್ದೆ.”

ಬಯ್ದಿದ್ದರೆ ಚೆನ್ನಾಗಿತ್ತು. ಡಾಕ್ಟರಬಾಯಿ ಅವನ ಹತ್ತಿರ ಬಂದವರು ಮೂಗು ಸ್ವಲ್ಪ ಎಳೆದು, “ಮಿಲ್ಲಿನ್ಯಾಗ ಅದೀರೇನು? ಕೇಳ್ರಿಲ್ಲೆ. ಕೆಲವು ಬಸರಿ ಹೆಂಗಸರಿಗೆ ಯಾವುದರ ಒಂದು ವಾಸನಿ ತಡಿಯೂದಿಲ್ಲ. ಒಗ್ಗರಣಿದು ಆಗಬಹುದು, ಗಂಡನ ಮೈದಾಗಬಹುದು. ಅದು ದೇಹದ್ದು, ಮನಸಿಂದಲ್ಲ. ಎರಡು ತಿಂಗಳಿಗೆ ತಾನಽ ಹೋಗ್ತೈತಿ. ಅಲ್ಲೀತನಕ ಸ್ವಲ್ಪ ದೂರ ಇರ್ರಿ, ನೀರು ಮಾತ್ರ ನಿಲ್ಲಸಬ್ಯಾಡ್ರಿ” ಎಂದು ಹೊರಟುಹೋದರು. ಅವ್ವ ಇದನ್ನು ಕೇಳಿ ಹಣೆ ಬಡಿದುಕೊಂಡು ನಕ್ಕೇಬಿಟ್ಟಳು. “ಇಷ್ಟಽನ? ನೀ ಹೊಟ್ಟ್ಯಾಗಿದ್ದಾಗ ನನಗ ನಿಮ್ಮಪ್ಪನ ತಂಬಾಕದ ವಾಸನಿ ಅಂದ್ರ ಆಗ್ತಿದ್ದಿಲ್ಲೋ. ಮೂರು ತಿಂಗಳು ದನದ ಮನ್ಯಾಗ ಮಲಗಿಸಿದ್ದೆ ಅವನ್ನ. ಊರೆಲ್ಲ ನಗತಿತ್ತು, ಅವನೂ ನಗತಿದ್ದ. ಈ ಹುಚ್ಚಿ ಒಂದು ಮಾತು ಹೇಳಬಾರದೇನು ನಿನ್ನ ಮುಂದ?” ಹನ್ನೆರಡು ದಿನ ಉಳವಪ್ಪ ಯಾವ ಮಾನವನ್ನು ಹೆಂಡತಿಯ ಜೀವ ಒತ್ತೆಯಿಟ್ಟು ಕಾಯ್ದನೋ ಅದು ಊರು ನಕ್ಕು ಮರೆಯುವಂಥ ಮಾತಾಗಿತ್ತು.

ಮರುದಿನ ಮಧ್ಯಾಹ್ನ ಅವನು ಮಿಲ್ಲಿಗೆ ಹೋಗದೆ ಅವಳನ್ನು ನೋಡಲು ಬಂದ. ದವಾಖಾನೆಯ ಹಿಂದಿನ ಬಾವಿಯಲ್ಲಿ ಮೂರು ಸಲ ಮೈ ತೊಳೆದು, ಪೇಟೆಯಲ್ಲಿ ಕೊಂಡ ಹೊಸ ಅಂಗಿಯನ್ನು ಗಂಜಿಯ ಗರಿ ಹೋಗುವ ಮೊದಲೇ ತೊಟ್ಟಿದ್ದ. ಮೂರನೆಯ ಬಾಟಲಿ ಮುಗಿಯುತ್ತ ಬಂದಿತ್ತು. ಅವ್ವ ಹೊರಗೆ ಮರದ ಕೆಳಗೆ ನಿದ್ದೆ ಹೋಗಿದ್ದಳು. ಮಾಗ್ದಲೀನಾ ಉಪ್ಪು ಹಾಕಿದ ಗಂಜಿನೀರು ತರಲು ಹೋಗಿದ್ದಳು. ಗುರುಬಸವ್ವ ದಿಂಬಿಗೆ ಒರಗಿದ್ದಳು, ಕೆನ್ನೆಗೆ ಅಷ್ಟಿಷ್ಟು ಜೀವ ಬಂದಿತ್ತು. ಅವನು ಬಾಗಿಲಲ್ಲಿ ನಿಂತ. ಒಂದು ಹೆಜ್ಜೆ ಇಟ್ಟ. ಅವಳು ಸೆರಗು ಎತ್ತಲಿಲ್ಲ. ಇನ್ನೊಂದು ಹೆಜ್ಜೆ. ಮೂಗು ಮುಚ್ಚಿಕೊಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ಹಾಸಿಗೆಯ ಪಕ್ಕಕ್ಕೇ ಬಂದು ಕುಳಿತ. “ಈಗ ವಾಸನಿ ಇಲ್ಲೇನು?” ಎಂದ.

“ಇಲ್ಲ.”

ಅವನಿಗೆ ಅಳು ಬಂತು. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅಷ್ಟರಲ್ಲಿ ಅವಳು, ದನಿ ಎತ್ತದೆ, ಬಾಟಲಿಯ ಗುಳ್ಳೆಗಳನ್ನು ನೋಡುತ್ತ, “ತಂಬಿಗಿ ಯಾಕ ಕಸಗೊಂಡ್ರಿ?” ಎಂದಳು.

“ಯವ್ವ ಹೇಳಿದ್ಳು. ನೀರು ಕೊಡಬಾರದಂತ…”

“ನಿಮ್ಮವ್ವ ಹೇಳಿದ್ದು ನನಗೂ ಕೇಳಿಸಿತ್ತರೀ. ಆಕಿ ತಿಳೀಲಾರದ ಹೇಳಿದ್ಳು. ಪೇಡೆ ಅಂತ ನೀವು ನಾಚಿಕಿಗೆ ಅಂದ್ರಿ, ಅದೂ ಹೋಗ್ಲಿ. ತಂಬಿಗಿ ಕಸಗೊಳ್ಳೂಮುಂದ ನಾ ನಿಮ್ಮ ಮಾರಿ ನೋಡಿದೆ.” ಕಣ್ಣನ್ನು ಬಾಟಲಿಯಿಂದ ಅವನ ಕಡೆಗೆ ತಿರುಗಿಸಿದಳು. “ಅವತ್ತು ಕೊಡ್ತೇನಿ ಅಂದಿದ್ರಿ. ಈಗರ ನಾ ಬೇಡಿದ್ದು ಕೊಡ್ರಿ. ಹೊರಗ ನಡೀರಿ.”

ಅವನು ಎದ್ದ. ಹೊಸ ಅಂಗಿ ಗರಗರ ಸದ್ದು ಮಾಡಿತು. ಬಾಗಿಲಲ್ಲಿ ಗಂಜಿನೀರಿನ ಲೋಟ ಹಿಡಿದು ಬರುತ್ತಿದ್ದ ಮಾಗ್ದಲೀನಾಳಿಗೆ ದಾರಿ ಬಿಟ್ಟು ವರಾಂಡದ ಬೆಂಚಿನ ಮೇಲೆ ಕುಳಿತ. ಕಿಟಕಿ ತೆರೆದಿತ್ತು. ಚಮಚ ಲೋಟಕ್ಕೆ ತಾಗುವ ಸದ್ದು ಕೇಳುತ್ತಿತ್ತು. ಒಂದು, ತಡೆದು ಇನ್ನೊಂದು, ತಡೆದು ಮತ್ತೊಂದು. ಉಳವಪ್ಪ ಉಸಿರು ಹಿಡಿದು ಕೇಳಿದ. ಈಗ ಬರುತ್ತದೆ, ಒಂದೂವರೆ ತಿಂಗಳು ಕೇಳಿದ ಆ ಸದ್ದು, ಗಂಟಲು ಹಿಂದಕ್ಕೆ ಎಳೆದುಕೊಳ್ಳುವ ಸದ್ದು, ಬೋಗುಣಿ ಎಳೆಯುವ ಸದ್ದು. ಚಮಚ ಮತ್ತೆ ತಾಗಿತು. ಇನ್ನೇನು ಬರುತ್ತದೆ. ತಾನು ಹೆದರಿ ಕಾಯುತ್ತಿಲ್ಲ, ಬರಲಿ ಎಂದು ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ಅವನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಒಮ್ಮೆ, ಒಂದೇ ಒಂದು ಸಲ ಕಾರಿದರೆ ಸಾಕಿತ್ತು. ತಾನು ದೂರ ಇದ್ದರೂ ಕಾರುತ್ತಾಳೆ ಎಂದಾಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಮಾಗ್ದಲೀನಾ ಹೊರಗೆ ಬಂದಳು. ಅವಳ ಮುಖ ಅರಳಿತ್ತು. ಖಾಲಿ ಲೋಟವನ್ನು ಅವನ ಮುಂದೆ ಬೋರಲು ಹಿಡಿದು ತೋರಿಸಿದಳು.

“ಎಲ್ಲಾ ಕುಡದ್ಳು, ಉಳವಣ್ಣಾ. ಒಂದು ಹನಿ ಹೊರಗ ಬರಲಿಲ್ಲ. ಇನ್ನೊಂದು ಲೋಟ ಕೇಳ್ಯಾಳ.”